ಮೆಟ್ರಿಕ್ ದಾಟದವರು ಕಟ್ಟಿದ ಹೈಸ್ಕೂಲುಗಳು: ಕರ್ಮವೀರ ಭಾವೂರಾವ ಪಾಟೀಲರ ಸ್ವಾವಲಂಬನ ಶಿಕ್ಷಣ

ಪ್ರತಿವರ್ಷ ವೈಶಾಖದ ಬಿಸಿಲು ಏರುವ ಹೊತ್ತಿಗೆ ನಮ್ಮ ನಾಡಿನ ಮನೆಮನೆಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶದ ಮಾತೇ ಮಾತು. ತೇರ್ಗಡೆಯಾದವರ ಮನೆಯಲ್ಲಿ ಸಕ್ಕರೆ ಹಂಚಿಕೆ. ಆಗದವರ ಮನೆಯಲ್ಲಿ ಮೌನ. ಮಕ್ಕಳ ಬಾಳಿನ ಬಾಗಿಲು ಈ ಒಂದು ಪರೀಕ್ಷೆಯಿಂದಲೇ ತೆರೆಯುವುದು, ಇದರಿಂದಲೇ ಮುಚ್ಚುವುದು ಎಂದು ತಿಳಿದ ತಂದೆತಾಯಿಗಳು ಇಂದಿಗೂ ಬಹಳ. ಆದರೆ ಹೈಸ್ಕೂಲಿನ ಕೊನೆಯ ಮೆಟ್ಟಿಲನ್ನು ದಾಟುವುದೆಂದರೇನು? ಅಂಕಪಟ್ಟಿಯೊಂದನ್ನು ಕೈಯಲ್ಲಿ ಹಿಡಿಯುವುದೇ? ಅಥವಾ ತನ್ನ ಕಾಲಮೇಲೆ ತಾನು ನಿಲ್ಲುವ ಬಲವನ್ನು ಗಳಿಸುವುದೇ? ಈ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ಒಬ್ಬ ಮಹನೀಯರ ಜೀವನದಲ್ಲಿ ಹುಡುಕುವುದು ಲೇಸು. ಅವರು ಸ್ವತಃ ಮೆಟ್ರಿಕ್ ಪರೀಕ್ಷೆಯನ್ನು ದಾಟಲಿಲ್ಲ. ಆದರೆ ತಮ್ಮ ಜೀವಿತಾವಧಿಯಲ್ಲಿಯೇ ನೂರಕ್ಕೂ ಹೆಚ್ಚು ಹೈಸ್ಕೂಲುಗಳನ್ನು ತೆರೆದರು. ಅವರೇ ಸಾತಾರಾದ ಕರ್ಮವೀರ ಭಾವೂರಾವ ಪಾಟೀಲರು.

ಅವರ ಕಾರ್ಯಕ್ಷೇತ್ರ ಮಹಾರಾಷ್ಟ್ರ. ಆಡಿದ ನುಡಿ ಮರಾಠಿ. ಆದರೂ ಕನ್ನಡಿಗರಿಗೆ ಅವರು ಕೇವಲ ಹೊರಗಿನವರಲ್ಲ. ಅವರ ಪೂರ್ವಜರು ದಕ್ಷಿಣ ಕನ್ನಡದ ಮೂಡುಬಿದಿರೆಯ ಕಡೆಯಿಂದ ವಲಸೆ ಹೋದವರೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಅಲ್ಲದೆ ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳೂ ಸಾತಾರಾ ಜಿಲ್ಲೆಯೂ ಅಂದು ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಎರಡೂ ಕಡೆಯ ಹುಡುಗರು ಎದುರಿಸಬೇಕಾಗಿದ್ದ ಪರೀಕ್ಷೆ ಒಂದೇ, ಬಡತನವೂ ಒಂದೇ.

ಮೆಟ್ರಿಕ್ ಎಂಬ ಹೆಬ್ಬಾಗಿಲು

ಮುಂಬಯಿ ವಿಶ್ವವಿದ್ಯಾಲಯ ಸ್ಥಾಪನೆಯಾದುದು 1857ರಲ್ಲಿ. ಎರಡು ವರ್ಷಗಳ ತರುವಾಯ, 1859ರಲ್ಲಿ, ಅದರ ಮೊದಲ ಮೆಟ್ರಿಕ್ಯುಲೇಶನ್ ಪರೀಕ್ಷೆ ನಡೆಯಿತು. ಹೆಸರಿಗೆ ಅದು ಕಾಲೇಜಿನ ಪ್ರವೇಶಕ್ಕೆಂದು ಏರ್ಪಟ್ಟ ಪರೀಕ್ಷೆ. ಆದರೆ ಕಾಲಕ್ರಮದಲ್ಲಿ ಸರಕಾರಿ ಕಚೇರಿಯ ಕಾರಕೂನಿಕೆಗೂ ಶಾಲೆಯ ಮಾಸ್ತರಿಕೆಗೂ ಅದೇ ರಹದಾರಿಯಾಯಿತು. ಅದನ್ನು ತಲಪಬೇಕಾದರೆ ಇಂಗ್ಲಿಷ್ ಶಾಲೆಯ ಏಳು ಇಯತ್ತೆಗಳನ್ನು ಏರಬೇಕು. ಹೈಸ್ಕೂಲುಗಳಿದ್ದುದು ಜಿಲ್ಲೆಯ ಮುಖ್ಯ ಪಟ್ಟಣಗಳಲ್ಲಿ. ಹಳ್ಳಿಯ ಹುಡುಗ ಅಲ್ಲಿಗೆ ಹೋದರೆ ಉಳಿಯುವುದೆಲ್ಲಿ? ಉಣ್ಣುವುದೆಲ್ಲಿ? ಶುಲ್ಕ ಕಟ್ಟುವವರಾರು? ಕೆಲವು ಜಾತಿಗಳ ಹುಡುಗರಿಗೆ ವಾರಾನ್ನದ ಆಸರೆಯಿತ್ತು; ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಒಕ್ಕಲುಮಕ್ಕಳಿಗೆ ಆ ಆಸರೆಯೂ ವಿರಳ. ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟವರ ಮಕ್ಕಳಿಗಂತೂ ಶಾಲೆಯ ಒಳಕೋಣೆಯೇ ದುರ್ಲಭ. 1921ರ ಜನಗಣತಿಯ ಹೊತ್ತಿಗೆ ಇಡೀ ಭಾರತದಲ್ಲಿ ನೂರಕ್ಕೆ ಸುಮಾರು ಏಳು ಜನರು ಮಾತ್ರ ಅಕ್ಷರಸ್ಥರು. ಓದುಬರಹವೇ ಇಷ್ಟು ಅಪರೂಪವಾಗಿದ್ದಾಗ ಮೆಟ್ರಿಕ್ ಎಂಬುದು ಬಹುಜನರ ಪಾಲಿಗೆ ಆಕಾಶದ ನಕ್ಷತ್ರವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಭಾವೂರಾವ ಪಾಟೀಲರು ಜನಿಸಿದ್ದು 1887ರ ಸೆಪ್ಟೆಂಬರ್ 22ರಂದು, ಕೊಲ್ಲಾಪುರ ಸಂಸ್ಥಾನದ ಕುಂಭೋಜ ಗ್ರಾಮದಲ್ಲಿ, ಜೈನ ಒಕ್ಕಲು ಮನೆತನವೊಂದರಲ್ಲಿ. ತಂದೆ ಪಾಯಗೊಂಡ ಪಾಟೀಲರು, ತಾಯಿ ಗಂಗಾಬಾಯಿ. ತಂದೆ ಸರಕಾರಿ ನೌಕರಿಯಲ್ಲಿದ್ದುದರಿಂದ ಬಾಲಕನ ವಿದ್ಯೆ ಊರೂರು ಸುತ್ತಿತು. ಆ ದಿನಗಳ ಒಂದು ಪ್ರಸಂಗವನ್ನು ಅವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಒಂದೂರಿನ ಬಾವಿಯಲ್ಲಿ ನೀರು ಸೇದಿಕೊಳ್ಳಲು ಅಸ್ಪೃಶ್ಯರಿಗೆ ಅನುಮತಿಯಿರಲಿಲ್ಲ; ಮೇಲಿನವರು ಯಾರಾದರೂ ಬಂದು ಕೊಡಕ್ಕೆ ನೀರು ಹೊಯ್ಯುವತನಕ ಅವರು ಬಿಸಿಲಿನಲ್ಲಿ ಕಾಯಬೇಕು. ಇದನ್ನು ಕಂಡು ಸಹಿಸಲಾರದೆ ಹುಡುಗ ಆ ಬಾವಿಯ ರಾಟೆಯನ್ನೇ ಮುರಿದು ಹಾಕಿದನಂತೆ. ಹಠಮಾರಿ ಹುಡುಗನ ಆ ಸಿಟ್ಟೇ ಮುಂದೆ ಪಕ್ವವಾಗಿ ಸಂಸ್ಥೆಯೊಂದರ ಅಡಿಗಲ್ಲಾಯಿತು.

ಹೈಸ್ಕೂಲಿನ ವಿದ್ಯೆಗೆ ಅವರು ಕೊಲ್ಲಾಪುರದ ರಾಜಾರಾಮ ಹೈಸ್ಕೂಲನ್ನು ಸೇರಿದರು. ಆಗ ಕೊಲ್ಲಾಪುರದಲ್ಲಿ ಶಾಹೂ ಛತ್ರಪತಿ ಮಹಾರಾಜರ ಆಳ್ವಿಕೆ. ಹಿಂದುಳಿದವರಿಗೆ ರಾಜ್ಯದ ನೌಕರಿಗಳಲ್ಲಿ ನೂರಕ್ಕೆ ಐವತ್ತು ಸ್ಥಾನಗಳನ್ನು 1902ರಲ್ಲಿಯೇ ಮೀಸಲಿಟ್ಟ ದೊರೆ ಅವರು. ಹಳ್ಳಿಯ ಹುಡುಗರಿಗೆ ಪಟ್ಟಣದಲ್ಲಿ ನೆಲೆಯಿಲ್ಲದೆ ವಿದ್ಯೆಯಿಲ್ಲ ಎಂಬುದನ್ನು ಮನಗಂಡು ಮರಾಠರು, ಜೈನರು, ಲಿಂಗಾಯತರು, ಮುಸಲ್ಮಾನರು ಮೊದಲಾದವರಿಗೆ ಬೇರೆ ಬೇರೆ ವಸತಿಗೃಹಗಳು ಏಳುವುದಕ್ಕೆ ಅವರು ಆಶ್ರಯವಿತ್ತರು. ಭಾವೂರಾವ ಇದ್ದುದು ಜೈನ ಬೋರ್ಡಿಂಗಿನಲ್ಲಿ. ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ 1908ರಲ್ಲಿ ಆರಂಭವಾದ ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿಬಂದ ಅವರನ್ನು ಸ್ನಾನಮಾಡದೆ ಊಟದ ಪಂಕ್ತಿಗೆ ಬರಕೂಡದೆಂದು ತಡೆಯಲಾಯಿತು. ಅವರು ಸ್ನಾನಕ್ಕೆ ಒಪ್ಪಲಿಲ್ಲ, ಬೋರ್ಡಿಂಗನ್ನೇ ಬಿಡಬೇಕಾಯಿತು. ತಪ್ಪೆಂದು ತೋರದ ಕೆಲಸಕ್ಕೆ ಪ್ರಾಯಶ್ಚಿತ್ತವೇಕೆಂಬುದು ಅವರ ನಿಲುವು.

ಓದಿನಲ್ಲಿ ಮಾತ್ರ ಅವರು ಹಿಂದೆ. ಮಲ್ಲಯುದ್ಧ, ಈಜುಗಳಲ್ಲಿ ಇದ್ದ ಆಸಕ್ತಿ ಗಣಿತದಲ್ಲಿ ಇರಲಿಲ್ಲ. ಅವರನ್ನು ಮುಂದಿನ ಇಯತ್ತೆಗೆ ಹಾಕುವಂತೆ ಸ್ವತಃ ಮಹಾರಾಜರೇ ಶಿಕ್ಷಕರಿಗೆ ಹೇಳಿಕಳಿಸಿದರೆಂದೂ, ಈ ಹುಡುಗ ಕುಳಿತ ಬೆಂಚನ್ನಾದರೂ ತೇರ್ಗಡೆ ಮಾಡಿಯೇನು, ಈತನನ್ನು ಮಾಡಲಾರೆನೆಂದು ಆ ಶಿಕ್ಷಕರು ಉತ್ತರವಿತ್ತರೆಂದೂ ಒಂದು ಕಥೆ ಪ್ರಚಲಿತವಾಗಿದೆ. ದೊರೆಯ ಮಾತಿಗೂ ಮಣಿಯದ ಶಿಕ್ಷಕರ ನಿಷ್ಠುರತೆ ಒಂದು ಕಡೆ, ಆ ಕಥೆಯನ್ನು ನಗುತ್ತ ಹೇಳಬಲ್ಲ ಶಿಷ್ಯಪರಂಪರೆ ಇನ್ನೊಂದು ಕಡೆ. ಭಾವೂರಾವ ಮೆಟ್ರಿಕ್ ದಾಟಲಿಲ್ಲ. ಆದರೆ ಸೋಲನ್ನು ಮನಸ್ಸಿಗೆ ಅಂಟಿಸಿಕೊಂಡು ಕೂಡಲೂ ಇಲ್ಲ. ಸಾತಾರಾಕ್ಕೆ ಬಂದು ಮಕ್ಕಳಿಗೆ ಮನೆಪಾಠ ಹೇಳತೊಡಗಿದರು. ತಾನು ದಾಟದ ಹೊಳೆಯನ್ನು ಇತರರಿಗೆ ದಾಟಿಸುವ ಅಂಬಿಗನಂತೆ ಊರವರ ಬಾಯಲ್ಲಿ ‘ಪಾಟೀಲ ಮಾಸ್ತರ’ ಎನಿಸಿಕೊಂಡರು.

ನೇಗಿಲು ಮಾರುತ್ತ ಕಂಡ ನಾಡು

1914ರಲ್ಲಿ ಕೊಲ್ಲಾಪುರದಲ್ಲಿ ರಾಜಪ್ರತಿಮೆಯೊಂದಕ್ಕೆ ಯಾರೋ ಡಾಂಬರು ಬಳಿದರು. ಆ ಮೊಕದ್ದಮೆಯಲ್ಲಿ ಅಣ್ಣಾಸಾಹೇಬ ಲಠ್ಠೆಯವರ ವಿರುದ್ಧ ಸಾಕ್ಷಿ ನುಡಿಯಬೇಕೆಂದು ಭಾವೂರಾವರ ಮೇಲೆ ಒತ್ತಡ ಬಂದಿತು. ಲಠ್ಠೆಯವರು ಮುಂದೆ ಬೆಳಗಾವಿಯಲ್ಲಿ ನೆಲೆಸಿ, 1937ರಲ್ಲಿ ಮುಂಬಯಿ ಪ್ರಾಂತದ ಅರ್ಥಸಚಿವರಾದವರು. ಅವರಿಗೂ ಭಾವೂರಾವರಿಗೂ ಬೋರ್ಡಿಂಗಿನ ಕಾಲದಿಂದ ಮನಸ್ತಾಪವಿತ್ತು. ಸೇಡು ತೀರಿಸಿಕೊಳ್ಳಲು ಸುಲಭವಾದ ಅವಕಾಶ. ಆದರೆ ಸುಳ್ಳು ಹೇಳಲಾರೆನೆಂದು ಭಾವೂರಾವ ಸೆರೆಮನೆಯ ಯಾತನೆಯನ್ನೇ ಆರಿಸಿಕೊಂಡರು. ಪರೀಕ್ಷೆಗಳಲ್ಲಿ ಸೋತವರು ಬಾಳಿನ ಪರೀಕ್ಷೆಯೊಂದರಲ್ಲಿ ಉತ್ತೀರ್ಣರಾದುದು ಹೀಗೆ.

ಬಿಡುಗಡೆಯಾದ ಬಳಿಕ ಹೊಟ್ಟೆಪಾಡಿಗೆ ಅವರು ಹಿಡಿದ ಉದ್ಯೋಗ ಕುತೂಹಲಕರವಾದುದು. ಓಗಲೆ ಗಾಜಿನ ಕಾರಖಾನೆಯ ಸಾಮಾನುಗಳಿಗೂ ಕಿರ್ಲೋಸ್ಕರ ಕಾರಖಾನೆಯ ಕಬ್ಬಿಣದ ನೇಗಿಲಿಗೂ ಅವರು ಮಾರಾಟದ ಪ್ರತಿನಿಧಿಯಾದರು. ಆ ನೇಗಿಲಿನ ಕಥೆ ಆರಂಭವಾದುದು ನಮ್ಮ ಬೆಳಗಾವಿಯಲ್ಲಿಯೇ. ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ತಮ್ಮ ಉದ್ಯಮವನ್ನು ಕಿರ್ಲೋಸ್ಕರವಾಡಿಗೆ ಸಾಗಿಸುವ ಮೊದಲು ಅಲ್ಲಿ ಅಂಗಡಿಯನ್ನೂ ಕಾರ್ಯಾಗಾರವನ್ನೂ ನಡೆಸುತ್ತಿದ್ದರು. ಕಬ್ಬಿಣದ ನೇಗಿಲು ನೆಲಕ್ಕೆ ವಿಷವೆಂದು ರೈತರು ಹೆದರುತ್ತಿದ್ದ ಕಾಲ ಅದು. ಹೊಲಹೊಲಕ್ಕೆ ಹೋಗಿ ಉತ್ತು ತೋರಿಸಿ ಅವರ ಶಂಕೆ ನಿವಾರಿಸಬೇಕಾಗಿತ್ತು. ಹೀಗೆ ಹಳ್ಳಿಗಳನ್ನು ಸುತ್ತುವಾಗ ಭಾವೂರಾವರಿಗೆ ಕಂಡದ್ದೇನು? ದುಡಿಯುವ ತೋಳುಗಳಿವೆ, ಬುದ್ಧಿಯಿದೆ, ಆದರೆ ಸಾಲದ ಕಾಗದದಲ್ಲಿ ಬರೆದ ಮೊತ್ತವನ್ನು ಓದಲು ಬಾರದು. ಹೆಬ್ಬೆಟ್ಟು ಒತ್ತಿದವನ ಹೊಲ ಒಂದೆರಡು ತಲೆಮಾರುಗಳಲ್ಲಿ ಸಾಹುಕಾರನ ಪಾಲು. ಹೊಸ ನೇಗಿಲಿನಿಂದ ಹೊಲದ ಬೆಳೆ ಹೆಚ್ಚೀತು. ಆ ಬೆಳೆ ಉತ್ತವನ ಕೈಯಲ್ಲಿ ಉಳಿಯಬೇಕಾದರೆ ಅಕ್ಷರ ಬೇಕು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ವಿಚಾರಗಳು ಈ ಅನುಭವಕ್ಕೆ ಮಾತು ಕೊಟ್ಟವು.

1919ರ ಅಕ್ಟೋಬರ್ 4ರಂದು ಕರಾಡ ತಾಲೂಕಿನ ಕಾಲೆ ಎಂಬ ಹಳ್ಳಿಯಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರೇ ಉದ್ದೇಶವನ್ನು ಸಾರುತ್ತದೆ: ರಯತ ಎಂದರೆ ನೆಲ ಉಳುವ ಸಾಮಾನ್ಯ. 1924ರಲ್ಲಿ ಸಂಸ್ಥೆಯ ಕೇಂದ್ರ ಸಾತಾರಾ ಪಟ್ಟಣಕ್ಕೆ ಬಂದಿತು. ಸಂಸ್ಥೆಯ ಲಾಂಛನ ಆಲದ ಮರ. ಆಲದ ಬಿಳಲು ನೆಲಕ್ಕಿಳಿದು ತಾನೇ ಕಾಂಡವಾಗುತ್ತದೆ; ತಾಯಿಮರದ ನೆರಳನ್ನು ನೆಚ್ಚಿ ಕೂಡದೆ ತಾನೂ ಮರಕ್ಕೆ ಆಧಾರವಾಗುತ್ತದೆ. ಧ್ಯೇಯವಾಕ್ಯದ ತಿರುಳೂ ಅದೇ: ಸ್ವಾವಲಂಬನ ಶಿಕ್ಷಣವೇ ನಮ್ಮ ಬಿರುದು.

ಒಂದೇ ಒಲೆ, ಒಂದೇ ಪಂಕ್ತಿ

ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಜಾತಿಗೊಂದು ವಸತಿಗೃಹಕ್ಕೆ ನೆರವಾಗಿದ್ದರು. ಅಂದಿನ ಸ್ಥಿತಿಯಲ್ಲಿ ಅದು ದೊಡ್ಡ ಹೆಜ್ಜೆ. ಬೇರೆ ಬೇರೆಯಾಗಿಯಾದರೂ ಎಲ್ಲರೂ ಓದಲಿ ಎಂಬ ಕರುಣೆ. ಶಿಷ್ಯರಾದ ಭಾವೂರಾವ ಗುರುವಿನ ಹೆಜ್ಜೆಗಿಂತ ಒಂದು ಹೆಜ್ಜೆ ಮುಂದಿಟ್ಟರು. ಅವರ ಸಾತಾರಾದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ಒಲೆ, ಒಂದೇ ಪಂಕ್ತಿ. 1927ರ ಫೆಬ್ರುವರಿ 25ರಂದು ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದು ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು. ಸಬರಮತಿಯಲ್ಲಿ ತಾವು ಕಷ್ಟಪಟ್ಟು ಸಾಧಿಸಲೆತ್ನಿಸಿದ ಸಹಪಂಕ್ತಿಯನ್ನು ಇಲ್ಲಿ ಹಳ್ಳಿಯ ಮಕ್ಕಳು ಸಹಜವಾಗಿ ನಡೆಸುತ್ತಿರುವುದನ್ನು ಕಂಡು ಅವರು ಸಂತೋಷಪಟ್ಟರೆಂದು ಹೇಳುತ್ತಾರೆ. 1932ರಲ್ಲಿ ಪುಣೆ ಒಪ್ಪಂದದ ನೆನಪಿಗಾಗಿ ಪುಣೆಯಲ್ಲಿಯೂ ಯೂನಿಯನ್ ಬೋರ್ಡಿಂಗ್ ಹೌಸ್ ಆರಂಭವಾಯಿತು.

ಈ ಒಲೆಯ ಹಿಂದೆ ಒಬ್ಬ ತಾಯಿಯಿದ್ದರು. ಭಾವೂರಾವರ ಪತ್ನಿ ಲಕ್ಷ್ಮೀಬಾಯಿಯವರು ಸಂಪ್ರದಾಯಸ್ಥ ಮನೆಯಲ್ಲಿ ಬೆಳೆದವರು. ಆರಂಭದಲ್ಲಿ ಎಲ್ಲ ಜಾತಿಯ ಮಕ್ಕಳನ್ನು ಅಡುಗೆಮನೆಗೆ ಬಿಟ್ಟುಕೊಳ್ಳುವುದು ಅವರಿಗೆ ಸುಲಭವಾಗಿರಲಿಕ್ಕಿಲ್ಲ. ಆದರೆ ಹಸಿದ ಮಗುವಿನ ಮುಖ ನೋಡಿದ ತಾಯಿಗೆ ಜಾತಿ ಕಾಣುವುದೆಷ್ಟು ದಿನ? ವಸತಿಗೃಹದ ಕಣಜ ಬರಿದಾದಾಗಲೆಲ್ಲ ಅವರ ಮೈಮೇಲಿನ ಒಡವೆಗಳು ಒಂದೊಂದಾಗಿ ಕರಗಿದವು. ಕೊನೆಗೆ ಉಳಿದ ಮಂಗಳಸೂತ್ರವನ್ನೂ ಮಕ್ಕಳ ಊಟಕ್ಕಾಗಿ ಅವರು ಕೊಟ್ಟುಬಿಟ್ಟರು. 1930ರಲ್ಲಿ ಅವರು ತೀರಿಕೊಂಡರು. ಸಂಸ್ಥೆಯ ಇತಿಹಾಸವನ್ನು ಬರೆಯುವವರು ಮೊದಲು ಸ್ಮರಿಸಬೇಕಾದ ದಾನ ಇದು. ಪುರುಷರ ಸಾಧನೆಗಳ ಕಥನದಲ್ಲಿ ಇಂಥ ಸ್ತ್ರೀಯರ ಹೆಸರು ಅಡಿಟಿಪ್ಪಣಿಯಾಗಿ ಹೋಗುವುದು ನಮ್ಮ ಚರಿತ್ರೆಗೆ ಅಂಟಿದ ಹಳೆಯ ದೋಷ.

ದುಡಿದು ಕಲಿ

ವಸತಿಗೃಹದ ದಿನಚರಿಯಲ್ಲಿ ದುಡಿಮೆಗೂ ಪಾಠಕ್ಕೂ ಸಮನಾದ ಸ್ಥಾನ. ನೀರು ತರುವುದು, ಹಿಟ್ಟು ಬೀಸುವುದು, ಅಡುಗೆ ಮಾಡುವುದು, ಕಸ ಗುಡಿಸುವುದು, ತಮ್ಮ ಬಟ್ಟೆ ತಾವೇ ಒಗೆಯುವುದು ಇವೆಲ್ಲ ವಿದ್ಯಾರ್ಥಿಗಳ ಪಾಳಿಯ ಕೆಲಸಗಳು. ಬೀಳುನೆಲವನ್ನು ಕಡಿದು ಹದಮಾಡಿ ತರಕಾರಿ, ಕಾಳು ಬೆಳೆಯುವುದು ಅವರದೇ ಹೊಣೆ. ಕಟ್ಟಡ ಏಳಬೇಕಾದರೆ ಕಲ್ಲು ಮಣ್ಣು ಹೊರುವವರೂ ಅವರೇ. ಸುತ್ತಲಿನ ಊರಿನವರಿಂದ ಮುಷ್ಟಿಧಾನ್ಯ ಬರುತ್ತಿತ್ತು. ಗೃಹಿಣಿ ದಿನವೂ ಹಿಟ್ಟು ಬೀಸಲು ಕೂಡುವ ಮುನ್ನ ಒಂದು ಹಿಡಿ ಕಾಳನ್ನು ವಸತಿಗೃಹದ ಹೆಸರಿನಲ್ಲಿ ತೆಗೆದಿಡುವುದು. ನಮ್ಮ ಮಠಗಳ ಪರಂಪರೆಯನ್ನು ಬಲ್ಲವರಿಗೆ ಈ ಹಿಡಿ ಕಾಳಿನ ಮಹಿಮೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಧಾರವಾಡದಿಂದ ಸಿದ್ಧಗಂಗೆಯವರೆಗೆ ಕನ್ನಡ ನಾಡಿನ ಪ್ರಸಾದನಿಲಯಗಳು ಎಷ್ಟೋ ಬಡಮಕ್ಕಳನ್ನು ಪರೀಕ್ಷೆಯ ಹೊಸ್ತಿಲು ದಾಟಿಸಿದ್ದು ಭಕ್ತರ ಮನೆಯ ಇಂಥ ಹಿಡಿ ಕಾಳಿನಿಂದಲೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಪುಕ್ಕಟೆ ಅನ್ನ ಉಂಡು ಓದಿದ ಹುಡುಗನಿಗೂ ದುಡಿದು ಉಂಡು ಓದಿದ ಹುಡುಗನಿಗೂ ಅಂಕಪಟ್ಟಿಯಲ್ಲಿ ಭೇದವಿಲ್ಲ, ಮನಸ್ಸಿನಲ್ಲಿ ಭೇದವಿದೆ. ವಾರಾನ್ನದ ಮನೆಯಲ್ಲಿ ತಲೆತಗ್ಗಿಸಿ ಕುಳಿತು ಉಂಡವರು ಮುಂದೆ ದೊಡ್ಡ ಹುದ್ದೆಗೇರಿದ ಮೇಲೂ ಆ ಸಂಕೋಚವನ್ನು ಮರೆಯಲಾರದೆ ಹೋದುದನ್ನು ಅವರ ಆತ್ಮಕಥೆಗಳಲ್ಲಿ ನಾವು ಓದಿದ್ದೇವೆ. ಮನೆಯವರು ಎಷ್ಟೇ ಒಳ್ಳೆಯವರಾಗಿರಲಿ, ಕೊಡುವ ಕೈ ಮೇಲೆ, ಬೇಡುವ ಕೈ ಕೆಳಗೆ. ಭಾವೂರಾವರ ಪದ್ಧತಿಯಲ್ಲಿ ಹುಡುಗ ತನ್ನ ತಟ್ಟೆಯ ರೊಟ್ಟಿಗೆ ತಾನೇ ಬೆಲೆ ತೆತ್ತಿದ್ದಾನೆ. ಅವನ ಋಣವಿರುವುದು ಒಬ್ಬ ಧನಿಕನಿಗಲ್ಲ, ಸಮಾಜಕ್ಕೆ. ಸಮಾಜದ ಋಣವನ್ನು ತೀರಿಸಲು ಹಲವು ದಾರಿಗಳಿವೆ. ಹಲವರು ತಾವು ಕಲಿತ ಸಂಸ್ಥೆಗೇ ಶಿಕ್ಷಕರಾಗಿ ಹಿಂದಿರುಗಿ ಆ ಋಣ ತೀರಿಸಿದರು. ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹಗಳನ್ನು ಒಂದರಿಂದೊಂದು ಬೇರ್ಪಡಿಸದಂತೆ ಬೆಸೆದುದರ ಮರ್ಮವೂ ಇದೇ ಅಲ್ಲವೇ? ದುಡಿಮೆಯಿಲ್ಲದ ದಾನ ಪಡೆಯುವವನನ್ನು ಕುಗ್ಗಿಸುತ್ತದೆ. ಹಂಚಿಕೆಯಿಲ್ಲದ ದುಡಿಮೆ ಗಳಿಸುವವನನ್ನು ಕೆಡಿಸುತ್ತದೆ.

ಇನ್ನೊಂದು ಮಾತು. ಕಸ ಗುಡಿಸುವ ಪಾಳಿ ಪಾಟೀಲರ ಮಗನಿಗೂ ಬರುತ್ತಿತ್ತು; ಅಡುಗೆಯ ಪಾಳಿ ಮಹಾರ ಕೇರಿಯ ಹುಡುಗನಿಗೂ ಬರುತ್ತಿತ್ತು. ಸಾವಿರ ಉಪದೇಶಗಳು ಮಾಡಲಾರದ ಕೆಲಸವನ್ನು ಈ ಪಾಳಿಯ ಪಟ್ಟಿ ಮಾಡಿತು. ಕೈಕೆಲಸ ಕೀಳು, ಕಾರಕೂನಿಕೆ ಮೇಲು ಎಂಬ ಭಾವನೆಯನ್ನು ಅಂದಿನ ಮೆಟ್ರಿಕ್ ಶಿಕ್ಷಣವೇ ಬಿತ್ತುತ್ತಿದ್ದಾಗ, ಅದೇ ಪರೀಕ್ಷೆಗೆ ಕೂಡುವ ಹುಡುಗನ ಅಂಗೈಯಲ್ಲಿ ಗುದ್ದಲಿಯ ಗಂಟುಗಳಿರುವಂತೆ ಭಾವೂರಾವ ನೋಡಿಕೊಂಡರು.

ಹೈಸ್ಕೂಲು ಹಳ್ಳಿಯ ಕಡೆಗೆ

ವಸತಿಗೃಹವಿದ್ದರೆ ಸಾಲದು, ಶಾಲೆ ಬೇಕು. ಶಾಲೆಯಿದ್ದರೆ ಸಾಲದು, ಶಿಕ್ಷಕರು ಬೇಕು. 1935ರಲ್ಲಿ ಸಂಸ್ಥೆ ಸಾತಾರಾದಲ್ಲಿ ಸಿಲ್ವರ್ ಜ್ಯುಬಿಲಿ ಗ್ರಾಮೀಣ ತರಬೇತಿ ಕಾಲೇಜನ್ನು ಸ್ಥಾಪಿಸಿತು. ಅಲ್ಲಿ ತರಬೇತಿ ಹೊಂದಿದವರು ಸಹ್ಯಾದ್ರಿಯ ಕೊಳ್ಳಗಳ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ತೆರೆದರು. 1937ರಲ್ಲಿ ಪ್ರಾಂತದಲ್ಲಿ ಜನಪ್ರತಿನಿಧಿ ಸರಕಾರ ಬಂದು ಸ್ವಯಂಪ್ರೇರಿತ ಶಾಲೆಗಳಿಗೆ ಪ್ರೋತ್ಸಾಹ ದೊರೆತ ಮೇಲೆ ಈ ಕಾರ್ಯ ವೇಗ ಪಡೆಯಿತು. ಗುಡಿಯ ಪಡಸಾಲೆ, ಚಾವಡಿ, ಮರದ ನೆರಳು ಯಾವುದಾದರೂ ಸರಿ, ಶಾಲೆ ಆರಂಭವಾಗಬೇಕು ಎಂಬುದು ಭಾವೂರಾವರ ನಿಯಮ. ಕಟ್ಟಡಕ್ಕಾಗಿ ಕಾದು ಕುಳಿತರೆ ಒಂದು ತಲೆಮಾರು ನಿರಕ್ಷರವಾಗಿ ಕಳೆದುಹೋಗುತ್ತದೆ.

1940ರಲ್ಲಿ ಸಾತಾರಾದಲ್ಲಿ ಮಹಾರಾಜ ಸಯಾಜಿರಾವ ಹೈಸ್ಕೂಲು ಆರಂಭವಾಯಿತು. 1939ರಲ್ಲಿ ತೀರಿಕೊಂಡ ಬಡೋದೆಯ ವಿದ್ಯಾಪೋಷಕ ದೊರೆಯ ಹೆಸರನ್ನು ಹೊತ್ತ ಈ ಶಾಲೆ ಶುಲ್ಕವಿಲ್ಲದ, ವಸತಿಸಹಿತವಾದ, ದುಡಿದು ಕಲಿಯುವ ಹೈಸ್ಕೂಲು. ಮೆಟ್ರಿಕ್ ಎಂಬ ಹೆಬ್ಬಾಗಿಲು ಹಣವಿಲ್ಲದವನಿಗೂ ತೆರೆಯಿತು. ಬಾಗಿಲ ಕೀಲಿಕೈ ಅವನ ಎರಡು ತೋಳುಗಳೇ ಆದವು. 1947ರಲ್ಲಿ ದೇಶ ಸ್ವತಂತ್ರವಾದ ವರ್ಷ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಆರಂಭವಾಯಿತು. ದೊಡ್ಡ ಮೊತ್ತದ ದೇಣಿಗೆಗೆ ಪ್ರತಿಯಾಗಿ ಕಾಲೇಜಿಗೆ ತಮ್ಮ ಹೆಸರಿಡಬೇಕೆಂದು ಬಂದ ಒಬ್ಬ ಶ್ರೀಮಂತರಿಗೆ, ಬೇಕಾದರೆ ತಮ್ಮ ತಂದೆಯ ಹೆಸರನ್ನು ಬದಲಿಸಿಯಾರು, ಕಾಲೇಜಿಗಿಟ್ಟ ಶಿವಾಜಿಯ ಹೆಸರನ್ನು ಬದಲಿಸಲಾರರೆಂದು ಭಾವೂರಾವ ಹೇಳಿ ಕಳಿಸಿದ ಕಥೆ ಆ ಸೀಮೆಯಲ್ಲಿ ಇಂದಿಗೂ ಜನಜನಿತ. 1948ರಲ್ಲಿ ಗಾಂಧೀಜಿಯವರ ಹತ್ಯೆಯಾದಾಗ ಅವರ ಸ್ಮರಣೆಗೆ 101 ಹೈಸ್ಕೂಲುಗಳನ್ನು ತೆರೆಯುವ ಸಂಕಲ್ಪವನ್ನು ಭಾವೂರಾವ ಮಾಡಿದರು. ಶಿಲಾಪ್ರತಿಮೆ ನಿಲ್ಲಿಸುವವರ ನಡುವೆ ಈ ಬಗೆಯ ಸ್ಮಾರಕವನ್ನು ನೆನೆದವರು ಎಷ್ಟು ಜನ?

ಸ್ವಾವಲಂಬನದ ಎಲ್ಲೆ

ಹಾಗಾದರೆ ಸ್ವಾವಲಂಬನವೆಂದರೆ ಯಾರ ನೆರವೂ ಬೇಡವೆನ್ನುವುದೇ? ಇದೇ ಕಾಲದಲ್ಲಿ ನಡೆದ ಘಟನೆಯೊಂದು ಈ ಪ್ರಶ್ನೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಗಾಂಧೀಜಿಯವರ ಹತ್ಯೆಯ ತರುವಾಯದ ದಿನಗಳಲ್ಲಿ ಭಾವೂರಾವರ ಟೀಕೆಯ ಮಾತುಗಳು ಮುಂಬಯಿ ಸರಕಾರದ ಅಸಮಾಧಾನಕ್ಕೆ ಕಾರಣವಾದವು. ಸಂಸ್ಥೆಗೆ ಬರುತ್ತಿದ್ದ ಅನುದಾನ ನಿಂತುಹೋಯಿತು. ನೂರಾರು ಶಿಕ್ಷಕರ ಸಂಬಳ, ಸಾವಿರಾರು ಮಕ್ಕಳ ಊಟದ ಪ್ರಶ್ನೆ. ಊರವರು ಕೈಬಿಡಲಿಲ್ಲ, ಹಿಡಿ ಕಾಳು, ಬಿಡಿ ಕಾಸು ಬಂದವು. ಆದರೆ ಇಷ್ಟು ವಿಸ್ತಾರವಾದ ಕಾರ್ಯ ಹಿಡಿ ಕಾಳೊಂದರಿಂದಲೇ ಬಹುಕಾಲ ನಡೆಯಲಾರದು. ಕೊನೆಗೆ ಸಂತ ಗಾಡಗೆ ಮಹಾರಾಜರು ಮಧ್ಯೆ ಬಂದು ಮುಖ್ಯಮಂತ್ರಿ ಬಾಳಾಸಾಹೇಬ ಖೇರರಿಗೆ ತಿಳಿಯಹೇಳಿದ ಮೇಲೆ ಅನುದಾನ ಮತ್ತೆ ದೊರೆಯಿತು. ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸುತ್ತಿದ್ದ ಆ ನಿರಕ್ಷರಿ ಸಂತರ ಹೆಸರನ್ನೇ 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಇಡಲಾಯಿತು.

ಈ ಪ್ರಸಂಗದಿಂದ ಕಲಿಯಬೇಕಾದುದು ಎರಡು. ಸ್ವಾವಲಂಬನವೆಂಬುದು ರಾಜ್ಯವು ತನ್ನ ಹೊಣೆಯಿಂದ ಜಾರಿಕೊಳ್ಳಲು ನೆಪವಾಗಕೂಡದು. ಬಡವರ ಮಕ್ಕಳು ದುಡಿದು ಓದಲಿ, ಉಳ್ಳವರ ಮಕ್ಕಳು ಸುಮ್ಮನೆ ಓದಲಿ ಎಂಬುದು ಸ್ವಾವಲಂಬನವಲ್ಲ, ಅನ್ಯಾಯ. ಭಾವೂರಾವರೂ ಸರಕಾರದ ಅನುದಾನವನ್ನು ಹಕ್ಕೆಂದೇ ಕೇಳಿದರು, ಭಿಕ್ಷೆಯೆಂದಲ್ಲ; ಜನ ತೆತ್ತ ಕಂದಾಯದ ಹಣ ಜನರ ಮಕ್ಕಳ ವಿದ್ಯೆಗೆ ಸಲ್ಲಬೇಕಾದುದು ನ್ಯಾಯ. ಎರಡನೆಯದಾಗಿ, ನೆರವು ನಿಂತ ದಿನ ನೆಲಕ್ಕೆ ಬೀಳದಷ್ಟು ಬೇರು ನಮ್ಮದಾಗಿರಬೇಕು. ಅನುದಾನ ನಿಂತಾಗ ಬಾಗಿಲು ಮುಚ್ಚಿದ ಸಂಸ್ಥೆಗಳು ಎಷ್ಟೋ ಇವೆ. ರಯತ ಸಂಸ್ಥೆ ಮುಚ್ಚಲಿಲ್ಲ, ಏಕೆಂದರೆ ಅದರ ವಿದ್ಯಾರ್ಥಿಗಳಿಗೆ ಹಿಟ್ಟು ಬೀಸುವುದು ಗೊತ್ತಿತ್ತು. ನೆರವನ್ನು ಸ್ವೀಕರಿಸುವುದು ಪರಾವಲಂಬನವಲ್ಲ. ನೆರವಿಲ್ಲದೆ ನಿಲ್ಲಲಾರದ ಸ್ಥಿತಿಯೇ ಪರಾವಲಂಬನ.

1959ರಲ್ಲಿ ಭಾರತ ಸರಕಾರ ಭಾವೂರಾವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. ಅದೇ ವರ್ಷ ಪುಣೆ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿಯನ್ನು ಕೊಟ್ಟು ಮೆಟ್ರಿಕ್ ದಾಟದ ವ್ಯಕ್ತಿಯನ್ನು ಡಾಕ್ಟರರನ್ನಾಗಿಸಿತು. 1959ರ ಮೇ 9ರಂದು ಅವರು ದೇಹಬಿಟ್ಟರು. ಆ ಹೊತ್ತಿಗೆ ಸಂಸ್ಥೆ 38 ವಸತಿಗೃಹಗಳನ್ನೂ ಐನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನೂ ನೂರಕ್ಕೂ ಹೆಚ್ಚು ಹೈಸ್ಕೂಲುಗಳನ್ನೂ 6 ತರಬೇತಿ ಕಾಲೇಜುಗಳನ್ನೂ 3 ಕಾಲೇಜುಗಳನ್ನೂ ಕಂಡಿತ್ತು. ಇಂದು ಅದರ ಶಾಖೆಗಳ ಸಂಖ್ಯೆ ಏಳುನೂರನ್ನು ಮೀರಿದೆ. ಆಲದ ಬಿಳಲುಗಳು ನೆಲ ಮುಟ್ಟಿ ಕಾಂಡಗಳಾಗಿವೆ.

ಉಪಸಂಹಾರ

ಮೆಟ್ರಿಕ್ ಎಂಬ ಹೆಸರು ಈಗ ಹಳತಾಯಿತು. ಮುಂಬಯಿ ಪ್ರಾಂತದಲ್ಲಿ 1949ರಿಂದ ಎಸ್.ಎಸ್.ಸಿ. ಪರೀಕ್ಷೆ ಅದರ ಸ್ಥಾನವನ್ನು ಪಡೆಯಿತು, ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಎನ್ನುತ್ತೇವೆ. ಹೈಸ್ಕೂಲು ಈಗ ಹಳ್ಳಿಯ ಹತ್ತಿರಕ್ಕೆ ಬಂದಿದೆ. ಪುಸ್ತಕ, ಬಿಸಿಯೂಟಗಳು ಶಾಲೆಯಲ್ಲಿಯೇ ದೊರೆಯುತ್ತವೆ. ಇದು ಸಂತೋಷದ ಸಂಗತಿ. ಹಿಂದಿನವರ ಬವಣೆ ಇಂದಿನ ಮಕ್ಕಳಿಗೂ ಬರಲೆಂದು ಯಾರೂ ಹಾರೈಸುವುದಿಲ್ಲ. ಆದರೆ ಬವಣೆ ನೀಗಿದ ಜೊತೆಗೆ ಆ ಬವಣೆಯಲ್ಲಿ ಮೂಡಿದ ಸತ್ತ್ವವೂ ನೀಗಿಹೋಗುತ್ತಿದೆಯೇ ಎಂಬ ಶಂಕೆ ಮಾತ್ರ ಕಾಡುತ್ತದೆ. ಹತ್ತನೆಯ ತರಗತಿ ಮುಗಿಸಿದ ಮಗನಿಗೆ ತನ್ನ ಅಂಗಿಯ ಗುಂಡಿ ಹೊಲಿಯಲು ಬಾರದು, ಮಗಳಿಗೆ ಬ್ಯಾಂಕಿನ ಚೀಟಿ ತುಂಬಲು ಬಾರದು. ತಂದೆಯ ಹೊಲದ ಕೆಲಸ ಮಾಡಲು ಇಬ್ಬರಿಗೂ ನಾಚಿಕೆ. ಅಂಕಗಳು ಮಾತ್ರ ನೂರಕ್ಕೆ ತೊಂಬತ್ತು! ಇದು ಮಕ್ಕಳ ತಪ್ಪಲ್ಲ. ಕೆಲಸದಿಂದ ಅವರನ್ನು ದೂರವಿರಿಸುವುದೇ ಪ್ರೀತಿಯೆಂದು ತಿಳಿದ ನಮ್ಮ ತಪ್ಪು.

ಈ ವರ್ಷ ತೇರ್ಗಡೆಯಾದ ತರುಣ ಬಂಧುಗಳಿಗೆ ಹೇಳಬೇಕಾದ ಮಾತು ಇಷ್ಟೇ. ನೀವು ದಾಟಿದ ಹೊಸ್ತಿಲನ್ನು ದಾಟಲಾರದೆ ಹೋದವರೊಬ್ಬರು ನಿಮ್ಮಂಥ ಲಕ್ಷಾಂತರ ಮಕ್ಕಳಿಗೆ ಆ ಹೊಸ್ತಿಲನ್ನು ಕಟ್ಟಿಕೊಟ್ಟರು. ನಿಮ್ಮ ಅಂಕಪಟ್ಟಿಯ ಹಿಂದೆ ಯಾರ ಹಿಡಿ ಕಾಳಿದೆ, ಯಾರ ಒಡವೆಯಿದೆ ಎಂಬುದನ್ನು ಒಮ್ಮೆ ನೆನೆಯಿರಿ. ತೇರ್ಗಡೆಯಾಗದವರಿಗೂ ಒಂದು ಮಾತು: ಪರೀಕ್ಷೆ ಮತ್ತೆ ಬರುತ್ತದೆ, ಅದು ನಿಮ್ಮನ್ನು ಅಳೆಯುವ ಒಂದು ಕೋಲು ಮಾತ್ರ, ಒಂದೇ ಕೋಲಲ್ಲ. ಸಾತಾರಾದ ಪಾಟೀಲ ಮಾಸ್ತರರನ್ನು ಗಣಿತದ ಕೋಲಿನಿಂದಷ್ಟೇ ಅಳೆದಿದ್ದರೆ ನಾಡು ಒಂದು ಮಹಾವೃಕ್ಷವನ್ನು ಕಳೆದುಕೊಳ್ಳುತ್ತಿತ್ತು. ರಜೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಬೇಗನೆದ್ದು ತಂದೆಯ ಜೊತೆ ಹೊಲಕ್ಕೆ ಹೋಗಿರಿ, ತಾಯಿಯ ಜೊತೆ ಒಲೆಯ ಮುಂದೆ ಕುಳಿತಿರಿ. ಹೈಸ್ಕೂಲಿನಲ್ಲಿ ಬಾಕಿಯುಳಿದ ಪಾಠ ಅಲ್ಲಿ ಪೂರ್ತಿಯಾಗುತ್ತದೆ.